ಜೆರ್ಸಿಗೆ ಹಚ್ಚಿದ ಅರಸಿನ

ನನ್ನ ಕೋಪ ಕಾಸರಗೋಡಿನ ಪಕ್ಕದ ನಮ್ಮ ಇಡೀ ನಾಯ್ಮಾರ್ಮೂಲೆಗೆ ಗೊತ್ತು. ಜಂಕ್ಷನ್ನಿನಲ್ಲಿ ಔಷಧಿ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ರವಕೆ ಹೊಲಿಯುತ್ತಿದ್ದೇನೆ. ಅಳತೆ ಕೊಡಲು ಬಂದವರು ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡು ನಿಂತರೆ ಅಲ್ಲಿಯೇ ಬಯ್ಯುತ್ತೇನೆ. "ಹೊಟ್ಟೆ ನಿಮ್ಮದು, ರವಕೆಯೂ ನಿಮ್ಮದು. ನನ್ನತ್ರ ಎಂತಕ್ಕೆ ಅಡಗಿಸುದು?" ಎಂದರೆ ಅವರೇ ನಗುತ್ತಾರೆ. ಬೈಸಿಕೊಂಡವರೇ ಮತ್ತೆ ಬರುತ್ತಾರೆ, ಮಗಳ ಮದುವೆಯ ರವಕೆಯನ್ನೂ ನನ್ನಲ್ಲೇ ಹೊಲಿಸುತ್ತಾರೆ. ಹಾಗಾಗಿ ಕೋಪ ಕಡಿಮೆ ಮಾಡಬೇಕು ಎಂದು ನನಗೆ ಯಾವತ್ತೂ ಅನಿಸಿದ್ದಿಲ್ಲ.

ನನ್ನ ಮಗಳ ಹತ್ತಿರ ಮಾತ್ರ ನನ್ನ ಬೇಳೆ ಬೇಯುತ್ತಿರಲಿಲ್ಲ. ಕಾಲೇಜು ಸೇರಿದ ವರ್ಷ ಅವಳಿಗೆ ಮೊಬೈಲಿನಲ್ಲಿ ಯುದ್ಧ ಮಾಡುವ ಆಟ ಅಂಟಿಕೊಂಡಿತು. ಅವಳೂ ಕಾಲೇಜಿನ ಇನ್ನು ನಾಲ್ಕು ಮಂದಿಯೂ ಸೇರಿ ಒಂದು ಟೀಮು. ಐವರೂ ಅವರವರ ಮನೆಯಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, "ಹಿಂದೆ ಒಬ್ಬ ಇದ್ದಾನೆ, ಅಲುಗಾಡಬೇಡ" ಎಂದು ಪಿಸುಗುಟ್ಟುತ್ತಿದ್ದರು. ಒಲೆಯ ಮುಂದೆ ನಿಂತಿದ್ದ ನಾನು ಎರಡು ಸಲ ಹೆದರಿ ಹಿಂದೆ ತಿರುಗಿ ನೋಡಿದ್ದೇನೆ. ಮನೆಯಲ್ಲಿ ನಮ್ಮದು ತುಳು, ಅಂಗಡಿಯಲ್ಲಿ ಮಲಯಾಳ. ಸಿಟ್ಟು ಬಂದರೆ ಮಾತ್ರ ನನಗೂ ಅವಳಿಗೂ ಶಾಲೆಯಲ್ಲಿ ಕಲಿತ ಕನ್ನಡವೇ ಬರುತ್ತದೆ. ಆ ಮೂರು ವರ್ಷ ನಮ್ಮ ಮನೆಯಲ್ಲಿ ಕನ್ನಡ ಚೆನ್ನಾಗಿ ಬೆಳೆಯಿತು.

ಒಂದು ಸಲ ನಾನು ಮಾಡಬಾರದ್ದನ್ನು ಮಾಡಿದೆ. ಯಾವುದೋ ಮುಖ್ಯ ಪಂದ್ಯ ಇದ್ದ ದಿನ ಅವಳ ಮೊಬೈಲನ್ನು ಕಿತ್ತುಕೊಂಡು ಹೊಲಿಗೆ ಮೆಷೀನಿನ ಡ್ರಾಯರಿಗೆ ಹಾಕಿ ಬೀಗ ಜಡಿದೆ. ಉಳಿದ ನಾಲ್ವರು ಆಡಿ ಸೋತರು. ಅವಳು ಜಗಳಕ್ಕೂ ಬರಲಿಲ್ಲ. ಹನ್ನೊಂದು ದಿನ ನನ್ನ ಹತ್ತಿರ ಮಾತೇ ಆಡಲಿಲ್ಲ. ಊಟಕ್ಕೆ ಕರೆದರೆ ಬಂದು ಕೂರುತ್ತಿದ್ದಳು, ತಿಂದು ತಟ್ಟೆ ತೊಳೆದಿಟ್ಟು ಹೋಗುತ್ತಿದ್ದಳು. ಹನ್ನೆರಡನೆಯ ದಿನ "ಉಪ್ಪು ಕೊಡು" ಎಂದಳು. ಆ ಎರಡು ಶಬ್ದ ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ, ಆದರೆ ತೋರಿಸಿಕೊಳ್ಳಲಿಲ್ಲ.

ಹೀಗಿರುವಾಗ ಕೋಯಿಕ್ಕೋಡಿನ ಒಂದು ಬಟ್ಟೆ ಕಂಪೆನಿಯವರು ಇವರ ಟೀಮನ್ನು ಹುಡುಕಿಕೊಂಡು ಬಂದರು. ಟೀ ಶರ್ಟು, ಜಾಕೆಟ್ಟು ಮಾಡುವ ಹೊಸ ಬ್ರ್ಯಾಂಡು. ಕ್ರಿಕೆಟಿಗರಿಗೆ ಕಂಪೆನಿಗಳು ಬಟ್ಟೆ ಕೊಡುವ ಹಾಗೆ ಇವರು ಮೊಬೈಲ್ ಆಟದವರಿಗೆ ಕೊಡುತ್ತಾರಂತೆ. ಉಪ್ಪಳದ ಆಡಿಟೋರಿಯಮಿನಲ್ಲಿ ನಡೆಯುವ ಫೈನಲಿಗೆ ಐವರಿಗೂ ಜೆರ್ಸಿ ಕೊಡುವುದು. ಅಲ್ಲಿ ಎಲ್ಲ ಸರಿಯಾಗಿ ನಡೆದರೆ ಒಂದು ವರ್ಷಕ್ಕೆ ಪಾರ್ಟ್ನರ್ ಆಗುವುದು. ಆಮೇಲೆ ಕೊಚ್ಚಿಗೋ ಚೆನ್ನೈಗೋ ಪಂದ್ಯಕ್ಕೆ ಹೋಗುವ ಖರ್ಚೂ ಅವರದೇ. ಕಾಲೇಜಿನವರು ಬಸ್ಸು ನಿಲ್ದಾಣದವರೆಗೂ ಕಳಿಸುವವರಲ್ಲ. ಈ ಕಂಪೆನಿ ಕೈಬಿಟ್ಟರೆ ಟೀಮು ಕಾಸರಗೋಡು ದಾಟುವುದಿಲ್ಲ ಎಂದು ಮಗಳು ನನಗೆ ಬಿಡಿಸಿ ಹೇಳಿದಳು. ಆಟ ಅರ್ಥವಾಗದಿದ್ದರೂ ಈ ಮಾತು ನನಗೆ ಅರ್ಥವಾಯಿತು.

ಅಳತೆ ತೆಗೆಯಲು ಕಂಪೆನಿಯಿಂದ ಒಬ್ಬಳು ಹುಡುಗಿ ಮನೆಗೇ ಬಂದಳು. ಮೂವತ್ತು ದಾಟಿರಲಿಲ್ಲ, ಕೈಯಲ್ಲಿ ಟೇಪು ಕೂಡ ಇರಲಿಲ್ಲ. "ಸೈಜು ಎಂ ಸಾಕಲ್ಲ ಚೇಚಿ?" ಎಂದು ಮಲಯಾಳದಲ್ಲಿ, ಅಕ್ಕ ಎನ್ನುವ ಹಾಗೆ, ಕೇಳಿದಳು. ನನಗೆ ರೇಗಿತು. ಎಂ ಎಂದರೆ ಎದೆ ಎಷ್ಟು, ಭುಜ ಎಷ್ಟು, ತೋಳಿನ ಸುತ್ತಳತೆ ಎಷ್ಟು ಎಂದು ಕೇಳಿದೆ. ಅವಳಿಗೆ ಗೊತ್ತಿಲ್ಲ. ನಾನೇ ಟೇಪು ತಂದು ಅಳೆದು, ಕಾಗದದಲ್ಲಿ ಬರೆದುಕೊಟ್ಟು, ಚಾ ಕುಡಿಸಿ ಕಳಿಸಿದೆ. ಹೋಗುವಾಗ ಅವಳು ಆ ಕಾಗದವನ್ನು ಮಡಚಿ ಪರ್ಸಿನೊಳಗೆ ಇಟ್ಟುಕೊಂಡದ್ದನ್ನು ನೋಡಿ ಹುಡುಗಿ ಅಡ್ಡಿಯಿಲ್ಲ ಎನಿಸಿತು.

ಫೈನಲಿಗೆ ಎರಡು ದಿನ ಇರುವಾಗ ಜೆರ್ಸಿ ಬಂತು. ಬಿಳಿ ಮೈ, ನೀಲಿ ತೋಳು. ಬೆನ್ನಿನಲ್ಲಿ ಮಗಳು ಆಟದೊಳಗೆ ಇಟ್ಟುಕೊಂಡ ಹೆಸರು, ಅದರ ಮೇಲೆ ಕುತ್ತಿಗೆಯ ಕೆಳಗೆ ಕಂಪೆನಿಯ ಸಣ್ಣ ಗುರುತು. ಬಟ್ಟೆ ಹಗುರ, ತುಂಬ ತೂತು ತೂತು. ಬೆವರನ್ನು ಕೂಡಲೇ ಹೀರಿ ಹರಡಿ ಒಣಗಿಸುವ ಬಟ್ಟೆಯಂತೆ. ನಾನು ತಿರುಗಿಸಿ ಒಳಗಿನ ಹೊಲಿಗೆ ನೋಡಿದೆ. ಅಂಚು ಬಿಚ್ಚದ ಹಾಗೆ ಹಾಕುವ ಓವರ್‌ಲಾಕ್ ಚೆನ್ನಾಗಿತ್ತು, ಕಂಕುಳದ ಹತ್ತಿರ ಮಾತ್ರ ಅರ್ಧ ಇಂಚು ಸಡಿಲ.

"ಇಲ್ಲಿ ಒಂದು ಹೊಲಿಗೆ ಹಾಕಿಕೊಡ್ತೇನೆ" ಎಂದೆ.

ಮಗಳು ಜೆರ್ಸಿಯನ್ನು ನನ್ನ ಕೈಯಿಂದ ಎಳೆದುಕೊಂಡಳು. "ಅಮ್ಮ, ಬೇಡ. ಎಗ್ರಿಮೆಂಟಿನಲ್ಲಿ ಬರ್ದಿದ್ದಾರೆ. ಕತ್ತರಿಸುವ ಹಾಗಿಲ್ಲ, ಹೊಲಿಯುವ ಹಾಗಿಲ್ಲ, ಬೇರೆ ಗುರುತು ಹಾಕುವ ಹಾಗಿಲ್ಲ. ನೀನು ಸೂಜಿ ಮುಟ್ಟುದಿಲ್ಲ ಅಂತ ಹೇಳು."

"ಆಯ್ತು, ಮುಟ್ಟುದಿಲ್ಲ."

"ನನ್ನ ಮುಖ ನೋಡಿ ಹೇಳು."

ಮುಖ ನೋಡಿಯೇ ಹೇಳಿದೆ. ಡ್ರಾಯರಿನ ಬೀಗವನ್ನು ಅವಳು ಮರೆತಿರಲಿಲ್ಲ.

ಇನ್ನು ಅರಸಿನದ ವಿಷಯ. ನಮ್ಮ ಮನೆಯಲ್ಲಿ ಹೊಸ ಬಟ್ಟೆಯನ್ನು ಬರಿದೇ ಉಡುವ ಕ್ರಮ ಇಲ್ಲ. ಮೂಲೆಗೆ ಒಂದು ಚೂರು ಅರಸಿನ ತಾಗಿಸಿಯೇ ಉಡಬೇಕು. ನನ್ನ ಅಂಗಡಿಯಲ್ಲಿಯೂ ಹಾಗೆಯೇ. ಮದುಮಗಳ ರವಕೆಯಾಗಲಿ, ಸೊಸೈಟಿಯಲ್ಲಿ ಹಾಲು ಅಳೆಯುವ ಹೆಂಗಸಿನ ರವಕೆಯಾಗಲಿ, ಇಸ್ತ್ರಿ ಹಾಕಿ ಮಡಚುವ ಮುಂಚೆ ಕುತ್ತಿಗೆಯ ಹಿಂಬದಿ ಒಳಗಡೆ ಸಾಸಿವೆಯಷ್ಟು ಅರಸಿನವನ್ನು ನೀರಲ್ಲಿ ಕಲಸಿ ಹಚ್ಚುತ್ತೇನೆ. ಒಳಗೆ ಲೈನಿಂಗ್ ಬಟ್ಟೆ ಇರುವುದರಿಂದ ಹೊರಗೆ ಕಾಣುವುದಿಲ್ಲ. ಹಚ್ಚುತ್ತೇನೆ ಎಂದು ಯಾರಿಗೂ ಹೇಳುವುದೂ ಇಲ್ಲ.

ಫೈನಲಿನ ಬೆಳಿಗ್ಗೆ ಮಗಳು ಸ್ನಾನಕ್ಕೆ ಹೋಗಿದ್ದಳು. ಜೆರ್ಸಿ ಬಾಗಿಲಿನ ಮೊಳೆಗೆ ತೂಗುತ್ತಿತ್ತು. ಗೆದ್ದು ಬಾ ಮಗಾ ಎಂದು ಹೇಳಬೇಕು ಎಂದು ನಾನು ಎರಡು ದಿನದಿಂದ ಅಂದುಕೊಳ್ಳುತ್ತಿದ್ದೆ. ಮೂರು ವರ್ಷ ಬೈದ ಬಾಯಿ, ಅಷ್ಟು ಬೇಗ ಹೊರಳುವುದಿಲ್ಲ. ಸೂಜಿ ಮುಟ್ಟುವುದಿಲ್ಲ ಎಂದಿದ್ದೆ, ಸೂಜಿ ಮುಟ್ಟಲಿಲ್ಲ. ಅಂಗೈಯಲ್ಲಿ ಅರಸಿನ ಕಲಸಿ, ಕುತ್ತಿಗೆಯ ಹಿಂಬದಿ ಒಳಗಡೆ, ದಿನವೂ ಹಚ್ಚುವ ಜಾಗದಲ್ಲಿಯೇ ಬೆರಳಿನಿಂದ ಒತ್ತಿದೆ. ಮಡಚಿ ಅವಳ ಚೀಲದೊಳಗೆ ಇಟ್ಟೆ. ಎಂಟು ಗಂಟೆಗೆ ಕಂಪೆನಿಯ ವ್ಯಾನು ಬಂತು, ಅವಳು ಹೋದಳು.

ನಾನೂ ನನ್ನ ಗಂಡನೂ ಕಾಸರಗೋಡಿಗೆ ಹೋಗಿ ತಲಪಾಡಿ ಬಸ್ಸು ಹತ್ತಿದೆವು. ಇವರು ಹನ್ನೆರಡು ವರ್ಷ ದುಬೈಯಲ್ಲಿದ್ದು ಬಂದು ಈಗ ಪೈಂಟು ಅಂಗಡಿ ಇಟ್ಟಿದ್ದಾರೆ. ಯಾವುದಕ್ಕೂ ಗಡಿಬಿಡಿ ಇಲ್ಲದ ಜನ. ಆವತ್ತು ಮಾತ್ರ ನಾಲ್ಕು ಸಲ ತಲೆ ಬಾಚಿಕೊಂಡಿದ್ದರು. ಉಪ್ಪಳದ ಆ ಆಡಿಟೋರಿಯಮಿಗೆ ನಾನು ಎಷ್ಟೋ ಮದುವೆಗೆ ಹೋಗಿದ್ದೇನೆ. ಮಂಟಪ ಕಟ್ಟುವ ಜಾಗದಲ್ಲಿ ಈಗ ಹತ್ತು ಕುರ್ಚಿ, ಮೇಲೆ ಗೋಡೆಯಷ್ಟು ದೊಡ್ಡ ಪರದೆ. ಎದುರು ಮುನ್ನೂರು ನಾನೂರು ಮಕ್ಕಳು ಕೂತಿದ್ದರು. ಹಿಂದಿನ ಅಡುಗೆಮನೆಯಲ್ಲಿ ಎಲ್ಲರಿಗೂ ಬಿರಿಯಾನಿ ಬೇಯುತ್ತಿತ್ತು. ಒಳಗೆ ಕಾಲಿಟ್ಟದ್ದೇ ನನ್ನ ಮೊಬೈಲು ಹೊಡೆದುಕೊಂಡಿತು.

"ಅಮ್ಮ, ಮದುಮಗಳ ಕೋಣೆಗೆ ಬಾ" ಎಂದಳು ಮಗಳು. ಕನ್ನಡದಲ್ಲಿ ಹೇಳಿದಳು. ಗಂಡನನ್ನು ಅಲ್ಲಿಯೇ ಬಿಟ್ಟು ಓಡಿದೆ.

ಮದುವೆಯ ದಿನ ಮದುಮಗಳನ್ನು ಸಿಂಗರಿಸುವ ಆ ಕೋಣೆಯನ್ನು ಹುಡುಗಿಯರಿಗೆ ಬಟ್ಟೆ ಬದಲಿಸಲು ಕೊಟ್ಟಿದ್ದರು. ಮಗಳು ಮನೆಯ ಟಾಪಿನಲ್ಲಿಯೇ ಇದ್ದಳು. ಜೆರ್ಸಿ ಕನ್ನಡಿಯ ಮುಂದಿನ ಮೇಜಿನ ಮೇಲೆ ಬೆನ್ನು ಮೇಲಾಗಿ ಬಿದ್ದಿತ್ತು. ಕಂಪೆನಿಯ ಗುರುತಿನ ಮೇಲೆಯೇ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಕೆಂಪು ಕಲೆ. ನಾನು ಹಚ್ಚಿದ್ದು ಸಾಸಿವೆಯಷ್ಟು. ಬೆವರನ್ನು ಹೀರಿ ಹರಡುವ ಬಟ್ಟೆ ಅರಸಿನದ ನೀರನ್ನೂ ಹೀರಿ ಹರಡಿ ಆಚೆ ಬದಿಗೆ ದಾಟಿಸಿತ್ತು. ಹಳದಿ ಕಂಡು ಗಾಬರಿಯಾಗಿ ಇವಳು ಕೈತೊಳೆಯುವ ಸಾಬೂನು ಹಾಕಿ ತಿಕ್ಕಿದ್ದಳು. ಅದು ಕೆಂಪಾಗಿತ್ತು. ಅರಸಿನಕ್ಕೆ ಯಾರಾದರೂ ಸಾಬೂನು ಹಾಕುತ್ತಾರಾ ಎಂದು ಬಾಯಿಯವರೆಗೆ ಬಂತು, ನುಂಗಿಕೊಂಡೆ. ಇಪ್ಪತ್ತೆರಡು ವರ್ಷ ಬಟ್ಟೆ ಹಿಡಿದವಳು ನಾನು. ಲೈನಿಂಗ್ ಇಲ್ಲದ ಬಟ್ಟೆ ಎಂದು ಕೈಯಲ್ಲಿ ಹಿಡಿದು ನೋಡಿದವಳೂ ನಾನೇ.

ಕಂಪೆನಿಯ ಹುಡುಗಿ ಒಂದು ಕಡೆ ನಿಂತಿದ್ದಳು. ಬಾಗಿಲಲ್ಲಿ ಕುತ್ತಿಗೆಗೆ ಟ್ಯಾಗು ಹಾಕಿದ ರೆಫ್ರಿ, ಅವನ ಹಿಂದೆ ಟೀಮಿನ ಉಳಿದವರು. ರೆಫ್ರಿ ಕಾಗದ ನೋಡಿಕೊಂಡು ಹೇಳಿದ, ಐದೂ ಜೆರ್ಸಿ ಒಂದೇ ತರ ಇರಬೇಕು, ಒಂದರಲ್ಲಿ ಮಾತ್ರ ಬೇರೆ ಗುರುತು ಇದ್ದರೆ ಆ ಆಟಗಾರ ಸ್ಟೇಜ್ ಹತ್ತುವ ಹಾಗಿಲ್ಲ ಎಂದು. ಬೆನ್ನಿನಲ್ಲಿ ಹೆಸರು ಅಚ್ಚು ಹಾಕಿದ್ದರಿಂದ ಬೇರೆ ಜೆರ್ಸಿ ಇರಲಿಲ್ಲ. ಆಟಕ್ಕೆ ಅರ್ಧ ಗಂಟೆ ಉಳಿದಿತ್ತು.

ಮಗಳು ನನ್ನನ್ನೇ ನೋಡಿದಳು. "ಬೇಕಂತಲೇ ಮಾಡಿದ್ದಾ?"

ನನ್ನ ಕೋಪ ಆಗ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಹಾಗೆ ಕೇಳಲು ಅವಳಿಗೆ ಹಕ್ಕಿತ್ತು, ಅದೇ ಹೆಚ್ಚು ನೋಯಿಸಿದ್ದು. ಕಂಪೆನಿಯ ಹುಡುಗಿಯೇ ಮೆತ್ತಗೆ ಕೇಳಿದಳು, "ಇದೆಂತದು ಚೇಚಿ?"

ಅವಳಿಗೆ ಹೇಳಿದೆ. ಮಗಳ ಮುಖ ನೋಡಿ ಹೇಳುವುದಕ್ಕಿಂತ ಅದು ಸುಲಭ ಇತ್ತು. "ನಾನು ಹೊಲಿದ ಒಂದು ರವಕೆಯೂ ಅರಸಿನ ಹಚ್ಚದೆ ಅಂಗಡಿಯಿಂದ ಇಳಿದದ್ದಿಲ್ಲ. ಉಟ್ಟವರಿಗೆ ಒಳ್ಳೇದಾಗಲಿ ಅಂತ. ಯಾರ ಮೇಲೆ ಕೋಪ ಉಂಟೋ ಅವರ ಬಟ್ಟೆಗೆ ಯಾರೂ ಅರಸಿನ ಹಚ್ಚುದಿಲ್ಲ ಮಗಾ. ಇವಳತ್ರ ಗೆದ್ದು ಬಾ ಅಂತ ಹೇಳ್ಲಿಕ್ಕೆ ನನಗೆ ಬಾಯಿ ಬರ್ಲಿಲ್ಲ. ಅದಕ್ಕೆ ಹಚ್ಚಿದ್ದು."

ಮಗಳು ಜೆರ್ಸಿ ಎತ್ತಿ ಕಲೆ ನೋಡಿದಳು, ಆಮೇಲೆ ರೆಫ್ರಿಯ ಕಡೆ ತಿರುಗಿದಳು. "ಐದರಲ್ಲೂ ಇದೇ ಗುರುತು ಇದ್ದರೆ?"

ರೆಫ್ರಿ ಕಾಗದವನ್ನು ಮತ್ತೆ ಓದಿದ. ಮಗುಚಿಯೂ ಓದಿದ. "ಐದರಲ್ಲೂ ಇದ್ದರೆ ಅದು ಡಿಸೈನ್. ಕಂಪೆನಿಯವರು ಒಪ್ಪಿದರೆ ನಮಗೇನೂ ತೊಂದರೆ ಇಲ್ಲ" ಎಂದ.

ಎಲ್ಲರೂ ಕಂಪೆನಿಯ ಹುಡುಗಿಯನ್ನು ನೋಡಿದೆವು. ಅವಳು ಮೇಲಿನವರಿಗೆ ಫೋನ್ ಮಾಡಿದಳು. ರಿಂಗ್ ಆಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು, ಎತ್ತಲಿಲ್ಲ. ಫೋನನ್ನು ಪರ್ಸಿನೊಳಗೆ ಹಾಕುವಾಗ ನಾನು ಬರೆದುಕೊಟ್ಟ ಅಳತೆಯ ಚೀಟಿ ಅಲ್ಲೇ ಇದ್ದದ್ದು ಕಂಡಿತು. "ಬೇರೆ ಕಂಪೆನಿಯ ಗುರುತು ಹಾಕಬಾರದು ಎಂದು ನಮ್ಮ ಮಾತು. ಅರಸಿನ ಯಾವ ಕಂಪೆನಿಯದ್ದೂ ಅಲ್ಲ. ಆಫೀಸಿಗೆ ನಾನು ಹೇಳಿಕೊಳ್ಳುತ್ತೇನೆ. ಹಾಕಿ ಚೇಚಿ" ಎಂದಳು. ಹೇಳಿ ಆದ ಮೇಲೂ ಪರ್ಸಿನಿಂದ ಫೋನು ತೆಗೆದು ಒಮ್ಮೆ ನೋಡಿಕೊಂಡಳು. ಕೆಲಸ ಹೋಗುವ ಭಯ ಇದ್ದೇ ಹೇಳಿದ್ದು ಎಂದು ನನಗೆ ಗೊತ್ತಾಯಿತು.

ನಾನು ಅಡುಗೆಮನೆಗೆ ಓಡಬೇಕು ಎನ್ನುವಷ್ಟರಲ್ಲಿ ಮಗಳೇ ಓಡಿದ್ದಳು. ಬಿರಿಯಾನಿಯವರ ಹತ್ತಿರ ಕೇಳಿ ಸ್ಟೀಲಿನ ಲೋಟದಲ್ಲಿ ಅರಸಿನ ಪುಡಿ ತಂದು ನನ್ನ ಮುಂದೆ ಹಿಡಿದಳು. "ಅದೇ ಬೆರಳಲ್ಲಿ ಹಾಕು. ಒಂದೇ ಸೈಜು ಬರಬೇಕು."

ಆಮೇಲೆ ನಡೆದದ್ದು ನನ್ನ ಕೆಲಸ. ನಾಲ್ವರೂ ಜೆರ್ಸಿ ಕಳಚಿ ತಂದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಟೇಪು ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ. ಮಗಳ ಜೆರ್ಸಿಯಲ್ಲಿ ಕಾಲರಿನಿಂದ ಕಲೆಗೆ ಎಷ್ಟು ಎಂದು ಅಳೆದೆ, ಒಂದೂಕಾಲು ಇಂಚು. ಉಳಿದ ನಾಲ್ಕರಲ್ಲೂ ಅಷ್ಟೇ ಅಳೆದು ಒಳಗಡೆಯಿಂದ ಒತ್ತಿದೆ. ಒದ್ದೆ ಬಟ್ಟೆ ತಾಗಿಸಿ ಹರಡಿಸಿದೆ. ನಾಣ್ಯದಷ್ಟು ಅಗಲ ಆದ ಕೂಡಲೇ ನಿಲ್ಲಿಸಿ, ಮೇಲಿನಿಂದ ಸಾಬೂನು ಹಚ್ಚಿದೆ. ಹಳದಿ ಹೋಗಿ ಕೆಂಪು ಬಂತು. ಬೇಕೆಂದೇ ಕಲೆ ಮಾಡಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಟೀಮಿನಲ್ಲಿ ಉಪ್ಪಳದ್ದೇ ಒಬ್ಬ ಬ್ಯಾರಿ ಹುಡುಗ ಇದ್ದ, ಆಳು ದಪ್ಪ, ಮಾತು ಅದಕ್ಕಿಂತ ದಪ್ಪ. "ಆಂಟಿ, ನಮ್ಮ ಮನೆಯಲ್ಲಿ ಹೊಸ ಅಂಗಿಗೆ ಅತ್ತರು. ಇವತ್ತು ಅರಸಿನವೂ ಆಗಲಿ. ನನ್ನದಕ್ಕೆ ಸ್ವಲ್ಪ ಜಾಸ್ತಿ ಹಾಕಿ, ಬೆನ್ನು ಅಗಲ ಉಂಟು" ಎಂದ.

"ಬೆನ್ನು ಅಗಲ ಇದ್ದರೆ ಬಿರಿಯಾನಿ ಕಡಿಮೆ ತಿನ್ನು. ಅಳತೆ ಎಲ್ಲರಿಗೂ ಒಂದೇ" ಎಂದೆ. ಮಗಳು ನಕ್ಕಳು. ಆ ನಗು ಕೇಳಿ ನನ್ನ ಎದೆಯ ಮೇಲಿಂದ ಯಾರೋ ಎದ್ದು ಹೋದ ಹಾಗಾಯಿತು.

ಐದೂ ಜೆರ್ಸಿಯನ್ನು ಟೇಬಲ್ ಫ್ಯಾನಿನ ಮುಂದೆ ಹಿಡಿದು ಒಣಗಿಸಿದೆವು. ಬೇಗ ಒಣಗುವ ಬಟ್ಟೆ ಎಂದು ಕಂಪೆನಿಯವರು ಹೇಳಿದ್ದು ಸುಳ್ಳಾಗಿರಲಿಲ್ಲ. ರೆಫ್ರಿ ಬಂದು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದ. ನಾನು ಟೇಪು ಅವನ ಕೈಗೆ ಕೊಟ್ಟೆ, ಬೇಕಾದರೆ ಅಳೆಯಲಿ ಎಂದು. ಅವನು ಅಳೆದೂ ಬಿಟ್ಟ. ಮತ್ತೆ ಕಾಗದದಲ್ಲಿ ಸರಿ ಹಾಕಿ, ಹೋಗಿ ಎಂದು ಕೈ ತೋರಿಸಿದ. ಮಗಳು ಜೆರ್ಸಿ ಹಾಕಿಕೊಂಡು ಬಾಗಿಲ ತನಕ ಹೋದವಳು ತಿರುಗಿ ನಿಂತಳು. ಬಾಯಿಬಿಟ್ಟು ಹೇಳಬೇಕಾದ್ದನ್ನು ಆಗ ಹೇಳಿದೆ. ತುಳುವಿನಲ್ಲಿ ಹೇಳಿದೆ.

ಆಟ ನನಗೆ ಅರ್ಥವಾಯಿತು ಎಂದರೆ ಸುಳ್ಳು. ಪರದೆಯಲ್ಲಿ ಯಾರೋ ಓಡುತ್ತಾರೆ, ಮನೆಯ ಹಿಂದೆ ಅಡಗುತ್ತಾರೆ, ಹೊಗೆ ಏಳುತ್ತದೆ. ಪಕ್ಕದಲ್ಲಿ ನನ್ನ ಗಂಡ ವಿವರಿಸುತ್ತಿದ್ದರು. "ಅದು ನಮ್ಮವಳು, ಹುಲ್ಲಿನಲ್ಲಿ ತೆವಳುವವಳು" ಎಂದರು. ನಾನು ಕೈಮುಗಿದು ಅವಳನ್ನೇ ನೋಡುತ್ತಾ ಕೂತೆ. ಅವಳಿಗೆ ಗುಂಡು ಬಿದ್ದಾಗ ಅಯ್ಯೋ ಎಂದು ಕೂಗಿಯೂ ಬಿಟ್ಟೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ತಿರುಗಿ, "ಆಂಟಿ, ಅದು ಎದುರು ಟೀಮಿನವ" ಎಂದಳು. ನನ್ನ ಗಂಡ ಕೆಮ್ಮಿದರು. "ಹತ್ತು ಮಂದಿಯೂ ಒಂದೇ ತರ ಕಾಣ್ತಾರೆ ಮಾರಾಯ್ತಿ, ನಾನೆಂತ ಮಾಡುದು?"

ಆಮೇಲೆ ನಾನು ಪರದೆ ನೋಡುವುದನ್ನೇ ಬಿಟ್ಟು ಸ್ಟೇಜಿನ ಮೇಲಿನ ಮಗಳನ್ನು ನೋಡಿದೆ. ಮೂರು ವರ್ಷ ಅವಳು ಆಡುವಾಗ ನಾನು ನೋಡಿದ್ದು ಮೊಬೈಲನ್ನು ಮಾತ್ರ. ಮುಖ ಸರಿಯಾಗಿ ನೋಡಿದ್ದು ಅವತ್ತೇ. ಕಣ್ಣು ಒಂದು ಕಡೆ, ಬೆರಳು ಒಂದು ಕಡೆ, ತುಟಿ ಕಚ್ಚಿಕೊಂಡು, ಪಕ್ಕದವರಿಗೆ ಮೆಲ್ಲ ಹೇಳುತ್ತಾ, ಅವರೆಲ್ಲ ಅವಳ ಮಾತು ಕೇಳುತ್ತಾ. ನಾನು ರೇಷ್ಮೆ ಬಟ್ಟೆಗೆ ಕತ್ತರಿ ಇಡುವಾಗ ಹೀಗೆಯೇ ತುಟಿ ಕಚ್ಚುತ್ತೇನೆ ಎಂದು ನನ್ನ ಗಂಡ ಹೇಳುವುದುಂಟು. ನನಗೆ ಅವಳ ಮೇಲೆ ತುಂಬ ಅಭಿಮಾನ ಉಕ್ಕಿತು. ಇಷ್ಟು ದಿನ ಎಂತ ನೋಡುತ್ತಿದ್ದೆ ಎಂದು ನಾಚಿಕೆಯೂ ಆಯಿತು.

ಎರಡನೆಯ ಸ್ಥಾನ ಬಂತು. ಕೊನೆಯ ಸುತ್ತಿನಲ್ಲಿ ಕೂದಲೆಳೆಯಲ್ಲಿ ತಪ್ಪಿತಂತೆ. ಐವರೂ ಸಾಲಾಗಿ ನಿಂತು ಬಹುಮಾನದ ಕಪ್ಪು ತೆಗೆದುಕೊಂಡರು. ಫೋಟೋ ತೆಗೆಯುವವನು ಬೆನ್ನು ತಿರುಗಿಸಲು ಹೇಳಿದ. ಐದು ಬಿಳಿ ಬೆನ್ನು, ಐದು ಕೆಂಪು ಬೊಟ್ಟು. ಕೆಳಗೆ ನಿಂತಿದ್ದ ಕಂಪೆನಿಯ ಹುಡುಗಿ ನನ್ನ ಕೈ ಹಿಡಿದುಕೊಂಡಿದ್ದಳು. ಬಿರಿಯಾನಿ ಊಟ ಮಾಡಿ, ಎಲ್ಲರೂ ಒಟ್ಟಿಗೆ ನಕ್ಕು, ಸಂಜೆಯ ಬಸ್ಸಿಗೆ ಮನೆಗೆ ಬಂದೆವು. ಬಸ್ಸಿನಲ್ಲಿ ಮಗಳು ನನ್ನ ಹೆಗಲಿಗೆ ಒರಗಿ ಕಾಸರಗೋಡು ಬರುವ ತನಕ ನಿದ್ದೆ ಮಾಡಿದಳು.

ಮತ್ತೆ ಮೂರು ವಾರ ಕೋಯಿಕ್ಕೋಡಿನಿಂದ ಸುದ್ದಿ ಇಲ್ಲ. ಫೋಟೋಗಳಲ್ಲಿ ಕಂಪೆನಿಯ ಗುರುತು ಕಲೆಯ ಅಡಿಯಲ್ಲಿ ಅರ್ಧ ಮುಚ್ಚಿಹೋಗಿತ್ತು. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಮಗಳು ಒಂದು ಮಾತೂ ಆಡಿ ತೋರಿಸಲಿಲ್ಲ. ಅವಳ ಟೀಮನ್ನು ನನ್ನ ಬೆರಳೇ ಮುಳುಗಿಸಿತು ಎಂಬ ಸಂಕಟ ನನಗೆ ಮೆಷೀನು ತುಳಿಯುವಾಗಲೆಲ್ಲ ಬರುತ್ತಿತ್ತು.

ಒಂದು ಮಂಗಳವಾರ ಅಂಗಡಿಗೆ ಪಾರ್ಸೆಲ್ ಬಂತು. ಮಗಳ ಹೆಸರಿಗಲ್ಲ, ನನ್ನ ಹೆಸರಿಗೆ. ಒಡೆದು ನೋಡಿದರೆ ಐದು ಹೊಸ ಜೆರ್ಸಿ, ಐದು ಜಾಕೆಟ್. ಅಭ್ಯಾಸದಂತೆ ಒಳಗೆ ತಿರುಗಿಸಿ ಹೊಲಿಗೆ ನೋಡಿದೆ. ಕಂಕುಳದ ಸಡಿಲ ಸರಿಯಾಗಿತ್ತು. ಕುತ್ತಿಗೆಯ ಹಿಂಬದಿ ಒಳಗಡೆ, ಕಾಲರಿನ ಕೆಳಗೆ, ನಾಲ್ಕು ಬೆರಳು ಅಗಲದ ದಪ್ಪ ಹತ್ತಿ ಬಟ್ಟೆಯ ತುಂಡೊಂದನ್ನು ಇಟ್ಟು ಹೊಲಿದಿದ್ದರು. ಐದರಲ್ಲೂ ಇತ್ತು. ಇಂಥ ಜೆರ್ಸಿಗೆ ಅದರ ಅಗತ್ಯವೇ ಇಲ್ಲ. ನನಗೆ ತಲೆಬುಡ ತಿಳಿಯದೆ ಕಂಪೆನಿಯ ಹುಡುಗಿಗೆ ಫೋನ್ ಮಾಡಿದೆ.

"ಅದು ಅರಸಿನಕ್ಕೆ ಚೇಚಿ. ಇನ್ನು ಹೊರಗೆ ಇಳಿಯುವುದಿಲ್ಲ" ಎಂದಳು. "ಒಂದು ವರ್ಷದ ಎಗ್ರಿಮೆಂಟು ಕಳಿಸಿದ್ದೆವು. ನಿಮ್ಮ ಮಗಳು ಇದೊಂದು ಸಾಲು ಸೇರಿಸದೆ ಸಹಿ ಹಾಕುವುದಿಲ್ಲ ಎಂದು ಎರಡು ವಾರ ಹಟ ಹಿಡಿದಳು. ಕೊನೆಗೆ ಆಫೀಸಿನವರು ಒಪ್ಪಿದರು."

ಸಂಜೆ ಮಗಳನ್ನು ಕೂರಿಸಿ ಎಗ್ರಿಮೆಂಟು ಓದಿಸಿದೆ. ಇಂಗ್ಲಿಷಿನಲ್ಲಿ ಇದ್ದದ್ದನ್ನು ಅವಳು ತುಳುವಿನಲ್ಲಿ ಹೇಳಿದಳು. ಬಟ್ಟೆಯನ್ನು ಕತ್ತರಿಸಬಾರದು, ಹೊಲಿಯಬಾರದು, ಬೇರೆ ಗುರುತು ಹಾಕಬಾರದು. ಆದರೆ ಪ್ರತಿ ಜೆರ್ಸಿಯೂ ಮೊದಲು ಆಟಗಾರ್ತಿಯ ತಾಯಿಯ ಕೈಗೆ ಹೋಗಬೇಕು, ಅವರು ಹಚ್ಚುವುದನ್ನು ಹಚ್ಚಿದ ನಂತರವೇ ಟೀಮು ತೊಡುವುದು.

ನಾನು ಎಂತ ಹೇಳಲಿ, ನನಗೆ ಅಷ್ಟು ಸಂತೋಷವಾಯಿತು. ಮರುದಿನ ಅಂಗಡಿಯಲ್ಲಿ ಮಧೂರಿನವರೊಬ್ಬರ ರವಕೆಯ ಎರಡೂ ತೋಳನ್ನು ಎಡಗೈಗೇ ಕತ್ತರಿಸಿಬಿಟ್ಟೆ.